ಸಂಶೋಧನೆಯಲ್ಲಿ ಸಮಪಾಲು

ಪ್ರಶ್ನೆ: ಅಮೆರಿಕದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೆಂದು ಹುಟ್ಟಿದ ಸಣ್ಣ ವಿಶ್ವವಿದ್ಯಾಲಯಗಳು ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳೊಡನೆ ಕೈಜೋಡಿಸಿದರೆ ಅವುಗಳಿಗೆ ನಿಜವಾಗಿ ಲಾಭವಿದೆಯೇ?

ಉತ್ತರ: ಇದೆ, ಆದರೆ ಒಪ್ಪಂದದ ಸ್ವರೂಪವನ್ನು ನೋಡಬೇಕು. ಟೆನ್ನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ 1866ರಲ್ಲಿ ಕಪ್ಪು ಜನಾಂಗದವರಿಗೆಂದು ಆರಂಭವಾದ ಸಣ್ಣ ವಿಶ್ವವಿದ್ಯಾಲಯ ಫಿಸ್ಕ್ ಮತ್ತು ಅದೇ ಊರಿನ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯ ವ್ಯಾಂಡರ್‌ಬಿಲ್ಟ್ 2004ರಲ್ಲಿ ಕಟ್ಟಿದ ಸೇತುವೆ ಕಾರ್ಯಕ್ರಮದಲ್ಲಿ, ವಿದ್ಯಾರ್ಥಿಗಳು ಫಿಸ್ಕ್‌ನಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಲೇ ವ್ಯಾಂಡರ್‌ಬಿಲ್ಟ್‌ನ ಪ್ರಯೋಗಾಲಯಗಳಲ್ಲಿ ಸಂಶೋಧನೆ ನಡೆಸಿ, ಮುಂದೆ ತಮ್ಮ ಪಿಎಚ್‌ಡಿಗೆ ಮಾರ್ಗದರ್ಶಕರಾಗಬಲ್ಲವರ ವಿಶ್ವಾಸ ಗಳಿಸುತ್ತಾರೆ. (ಪ್ರವೇಶ ಪರೀಕ್ಷೆಯ ಅಂಕಗಳಿಗಿಂತ ಈ ಒಡನಾಟವೇ ದೊಡ್ಡದೆಂದು ನನ್ನ ಎಣಿಕೆ.) ಆದರೆ ಸಂಶೋಧನೆಯ ಅನುದಾನವೆಲ್ಲ ದೊಡ್ಡ ಸಂಸ್ಥೆಯ ಹೆಸರಿಗೆ ಬಂದು, ಸಣ್ಣದಕ್ಕೆ ಉಪಗುತ್ತಿಗೆಯ ಪಾಲಷ್ಟೇ ದಕ್ಕಿದರೆ, ಉಪಕರಣಗಳೂ ಪರೋಕ್ಷ ವೆಚ್ಚದ (ಕಟ್ಟಡ, ವಿದ್ಯುತ್, ಆಡಳಿತದಂಥ ಸಾಮಾನ್ಯ ಖರ್ಚಿಗೆ ಅನುದಾನದಲ್ಲಿ ಸಿಗುವ ಹಣದ) ಬಹುಪಾಲೂ ದೊಡ್ಡ ಸಂಸ್ಥೆಯಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಎರಡೂ ಕಡೆ ಪ್ರಧಾನ ಸಂಶೋಧಕರು, ಅಂದರೆ ಯೋಜನೆಯ ಹೊಣೆ ಹೊತ್ತ ಮುಖ್ಯಸ್ಥರು, ಇರಬೇಕು. ಸಣ್ಣ ಸಂಸ್ಥೆಯ ಅಧ್ಯಾಪಕರ ಬೋಧನಾ ಹೊರೆಯನ್ನು ಇಳಿಸುವ ಹಣವನ್ನೂ ಅನುದಾನದ ಅರ್ಜಿಯಲ್ಲಿಯೇ ಕೇಳಬೇಕು.