ಮರ್ಸಿಡಿಸ್ ವಿಷನ್ ಇಕ್ಯೂಎಕ್ಸ್‌ಎಕ್ಸ್ ಎಲೆಕ್ಟ್ರಿಕ್ ಕಾರು ಒಂದೇ ಚಾರ್ಜಿನಲ್ಲಿ 1,000 ಕಿ.ಮೀ. ಓಡಿದ್ದು ಹೇಗೆ?

ದೊಡ್ಡ ಬ್ಯಾಟರಿಯಿಂದ ಅಲ್ಲ, ಕರೆಂಟ್ ಕಮ್ಮಿ ಬಳಸಿ. ಇದರ ಬ್ಯಾಟರಿ 100 ಯೂನಿಟ್‌ಗಿಂತ ತುಸು ಕಮ್ಮಿಯೇ. 2022ರ ಏಪ್ರಿಲ್‌ನಲ್ಲಿ ಜರ್ಮನಿಯ ಸಿಂಡೆಲ್ಫಿಂಗೆನ್‌ನಿಂದ ಫ್ರಾನ್ಸಿನ ಕಸ್ಸಿಸ್‌ವರೆಗೆ ಓಡಿದಾಗ 100 ಕಿ.ಮೀ.ಗೆ ಖರ್ಚಾಗಿದ್ದು ಬರೀ 8.7 ಯೂನಿಟ್. 2 ಕಿಲೋವ್ಯಾಟ್ ಗೀಸರನ್ನು ನಾಲ್ಕೂವರೆ ಗಂಟೆ ಹಾಕಿಟ್ಟರೆ ಅದಕ್ಕಿಂತ ಜಾಸ್ತಿ ಆಗುತ್ತೆ!

ಗುಟ್ಟು ಇರುವುದು ಗಾಳಿಯಲ್ಲಿ. ಹೆದ್ದಾರಿಯಲ್ಲಿ ಕಾರಿನ ಶಕ್ತಿ ಹೆಚ್ಚಾಗಿ ಹೋಗುವುದು ಎದುರಿನ ಗಾಳಿಯನ್ನು ತಳ್ಳುವುದಕ್ಕೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಾಳಿ ಎಷ್ಟು ಸಲೀಸಾಗಿ ಜಾರುತ್ತದೆ ಅನ್ನುವ ಅಳತೆ, ಅಂದರೆ ಡ್ರ್ಯಾಗ್ ಗುಣಾಂಕ (ಕಮ್ಮಿ ಇದ್ದಷ್ಟೂ ಒಳ್ಳೆಯದು), ಇದಕ್ಕೆ 0.17. ಸಾಮಾನ್ಯ ಸೆಡಾನ್‌ಗಳದ್ದು 0.25ರಿಂದ 0.30ರ ಆಸುಪಾಸು. ಕಾರಿನ ಹಿಂದೆ ಉದ್ದಕ್ಕೆ ಕಿರಿದಾಗುವ ಬಾಲ ಸುಮ್ನೆ ಚೆಂದಕ್ಕೆ ಇಟ್ಟಿದ್ದಲ್ಲ. ಹಿಂದೆ ಗಾಳಿ ಸುಳಿ ಸುತ್ತಿ ಕಾರನ್ನು ಎಳೆಯದಿರಲಿ ಅಂತ. ಜೊತೆಗೆ ತೂಕವೂ ಹಗುರ, ಸುಮಾರು 1,750 ಕೆ.ಜಿ. ಇದರ ಕೆಲಸದಲ್ಲಿ ಕಂಪನಿಯ ಬೆಂಗಳೂರು ಕೇಂದ್ರದ ಕೈಯೂ ಇದೆ.

ಆದರೆ ಇದು ಕಾನ್ಸೆಪ್ಟ್ ಕಾರು, ಶೋರೂಮಿನಲ್ಲಿ ಸಿಗಲ್ಲ.