ಪ್ರೇಡರ್–ವಿಲ್ಲಿ ಇರುವ ತಮ್ಮನ ಸಿಟ್ಟಿಗೆ ಮಾತ್ರೆ ಕೊಡಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ, ಪ್ರೇಡರ್–ವಿಲ್ಲಿ ಸಿಂಡ್ರೋಮ್ (ಎಷ್ಟು ತಿಂದರೂ ಹಸಿವು ತೀರದ, ಹುಟ್ಟಿನಿಂದಲೇ ಬರುವ ಜೆನೆಟಿಕ್ ಸ್ಥಿತಿ) ಇದೆ. ಮೂರು ತಿಂಗಳಿಂದ ಸಣ್ಣಪುಟ್ಟದಕ್ಕೂ ಕೂಗಾಡುತ್ತಾನೆ, ಕೈಯ ಚರ್ಮವನ್ನು ರಕ್ತ ಬರುವಂತೆ ಕಿತ್ತುಕೊಳ್ಳುತ್ತಾನೆ. ಮನೋವೈದ್ಯರು ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ ಬರೆದುಕೊಟ್ಟಿದ್ದಾರೆ. ತೂಕ ಇನ್ನೂ ಏರೀತೆಂದು ಅಮ್ಮ ಮಾತ್ರೆಯನ್ನು ಶುರುಮಾಡಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ತಾಯಿಯವರ ಅಂಜಿಕೆಗೆ ಆಧಾರವಿದೆ, ಅದನ್ನು ವೈದ್ಯರ ಮುಂದೆ ಬಿಚ್ಚಿ ಹೇಳಿ. ಆದರೆ ಮಾತ್ರೆಗೂ ಮೊದಲು, ಮೂರು ತಿಂಗಳ ಹಿಂದೆ ಏನು ಬದಲಾಯಿತು ಎಂಬುದನ್ನು ನೆನಪಿಸಿಕೊಳ್ಳಿ. ತಂದೆಯಿಂದ ಬರುವ 15ನೇ ಕ್ರೋಮೋಸೋಮಿನ ಒಂದು ಭಾಗದ ಜೀನ್‌ಗಳು ಕೆಲಸ ಮಾಡದಿರುವುದರಿಂದ ಉಂಟಾಗುವ ಈ ಸ್ಥಿತಿಯಲ್ಲಿ ನೋವಿನ ಅರಿವು ಕಡಿಮೆ. ಹಾಗಾಗಿ ಮಲಬದ್ಧತೆ, ಹಲ್ಲಿನ ಹುಳುಕು, ಸೋಂಕು, ನಿದ್ರೆಯಲ್ಲಿ ಉಸಿರುಗಟ್ಟುವಿಕೆ ಮುಂತಾದವು ಮಾತಿನಲ್ಲಿ ಬಾರದೆ ಸಿಟ್ಟಾಗಿ ಹೊರಬೀಳಬಹುದು. ಊಟದ ಹೊತ್ತು ಏರುಪೇರಾದರೂ ಹೀಗಾಗುತ್ತದೆ. ಅಡುಗೆಮನೆಗೆ ಬೀಗ ಹಾಕುವುದು ನೆಂಟರಿಗೆ ಕ್ರೌರ್ಯವಾಗಿ ಕಂಡೀತು, ಆದರೂ ಯಾವ ಹೊತ್ತಿಗೆ ಏನು ಸಿಗುತ್ತದೆ, ನಡುವೆ ಏನೂ ಸಿಗುವುದಿಲ್ಲ ಎಂಬುದು ಖಚಿತವಾದಾಗ ಇಂಥವರ ಚಡಪಡಿಕೆ ನಿಜಕ್ಕೂ ಇಳಿಯುತ್ತದೆ. ಈ ಕಟ್ಟುಪಾಡಿಲ್ಲದ ಮನೆಯಲ್ಲಿ ಯಾವ ಔಷಧವೂ ಹೆಚ್ಚು ಸಾಧಿಸಲಾರದು.

ಇಷ್ಟಾದ ಮೇಲೂ ಹೊಡೆತ, ಕೂಗಾಟ ಮುಂದುವರಿದರೆ ರಿಸ್ಪೆರಿಡೋನ್ ಕೊಡಲು ಹಿಂಜರಿಯಬೇಕಿಲ್ಲ. ಅದು ಹಸಿವನ್ನೂ ರಕ್ತದ ಸಕ್ಕರೆಯ ಪ್ರಮಾಣವನ್ನೂ ಏರಿಸಬಲ್ಲದು. ಆಹಾರ ಕೈಗೆ ಸಿಗದಂತಿದ್ದರೆ ತೂಕವನ್ನು ಬಹುಮಟ್ಟಿಗೆ ಹಿಡಿದಿಡಬಹುದು. ಪ್ರೇಡರ್–ವಿಲ್ಲಿ ಇರುವವರು ಮನೋರೋಗದ ಔಷಧಗಳಿಗೆ ಬಹಳ ಸೂಕ್ಷ್ಮವಾಗಿ ಸ್ಪಂದಿಸುವುದರಿಂದ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು; ಆರಂಭಕ್ಕೆ ಮುನ್ನವೇ ತೂಕ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ಹಠ, ಒಂದೇ ಪ್ರಶ್ನೆಯನ್ನು ಮತ್ತೆಮತ್ತೆ ಕೇಳುವುದು ಹೆಚ್ಚಿದ್ದರೆ ಫ್ಲುವೊಕ್ಸೆಟಿನ್ ಅಥವಾ ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆಗಳನ್ನು ಕೊಡುವುದುಂಟು, ಆದರೆ ಕೆಲವರಲ್ಲಿ ಇವುಗಳಿಂದಲೇ ಉದ್ರೇಕ ಹೆಚ್ಚುತ್ತದೆ. ಚರ್ಮ ಕಿತ್ತುಕೊಳ್ಳುವುದಕ್ಕೆ ಎನ್‌-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಸಣ್ಣ ಅಧ್ಯಯನಗಳಲ್ಲಿ ಉಪಯೋಗ ತೋರಿದೆ. ವೈದ್ಯರೊಡನೆ ಆ ಬಗ್ಗೆಯೂ ಮಾತಾಡಿ. 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಯಾಜಾಕ್ಸೈಡ್ ಕೋಲಿನ್ ಅತಿಹಸಿವಿಗೆ ಮೀಸಲಾದ ಔಷಧ, ಸಿಟ್ಟಿಗಾಗಿ ಒಪ್ಪಿಗೆ ಪಡೆದದ್ದಲ್ಲ. ಅದರಿಂದಲೂ ಸಕ್ಕರೆ ಏರಬಹುದು, ಮೈ ಊದಬಹುದು.

ತಮ್ಮ ರಾತ್ರಿಯೆಲ್ಲ ನಿದ್ರಿಸದೆ, ಇಲ್ಲದ ದನಿಗಳು ಕೇಳಿಸುತ್ತವೆ ಎಂದರೆ, ಗೊಂದಲಕ್ಕೊಳಗಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. 15ನೇ ಕ್ರೋಮೋಸೋಮಿನ ಎರಡೂ ಪ್ರತಿಗಳು ತಾಯಿಯಿಂದಲೇ ಬಂದಿರುವವರಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಹೆಚ್ಚು. ಅದಕ್ಕಾಗಿ ಹಳೆಯ ಜೆನೆಟಿಕ್ ವರದಿಯನ್ನು ಹುಡುಕಿ, ಮುಂದಿನ ಭೇಟಿಗೆ ಜೊತೆಗೊಯ್ಯಿರಿ.