ಹಳೆಯ ಪೋರ್ಷೆ 911 ಓಡಿಸುವ ಖುಷಿ ಹೊಸದರಲ್ಲಿ ಇಲ್ಲ ಅನ್ನುತ್ತಾರಲ್ಲ, ನಿಜವೇ?

ಅರ್ಧ ನಿಜ. ಆ ಖುಷಿ ಇರುವುದು ಮುಖ್ಯವಾಗಿ ಸ್ಟೀರಿಂಗ್‌ನಲ್ಲಿ. 1970ರ ದಶಕದ 911ಗೆ ಪವರ್ ಸ್ಟೀರಿಂಗ್ ಇರಲಿಲ್ಲ. ಎಂಜಿನ್ ಹಿಂದೆ ಇದ್ದದ್ದರಿಂದ ಮುಂಭಾಗ ಹಗುರ, ಅದರ ಅಗತ್ಯವೂ ಅಷ್ಟಾಗಿ ಕಾಣಲಿಲ್ಲ. ಟೈರು ಜಲ್ಲಿ ತುಳಿದರೆ ಅಂಗೈಗೆ ಗೊತ್ತಾಗುತ್ತದೆ. ಮುಂದಿನ ಟೈರಿನ ಹಿಡಿತ ತಪ್ಪುವ ಮೊದಲೇ ಸ್ಟೀರಿಂಗ್ ಕೈಯಲ್ಲಿ ಹಗುರಾಗುತ್ತದೆ. 2011ರಲ್ಲಿ ಬಂದ, 991 ಎಂಬ ಸಂಕೇತದ 911 ತಲೆಮಾರಿನಿಂದ ಸ್ಟೀರಿಂಗ್‌ಗೆ ವಿದ್ಯುತ್ ಮೋಟಾರಿನ ನೆರವು ಬಂತು. ನಿಖರತೆಗೇನೂ ಕುಂದಿಲ್ಲ, ರಸ್ತೆಯ ಮಾತು ಮಾತ್ರ ಮೆಲ್ಲಗಾಯಿತು.

ಹಾಗಂತ ಹಳೆಯದು ಸಾಧು ಪ್ರಾಣಿಯಲ್ಲ. 1975ರ 911 ಟರ್ಬೋ ನೋಡಿ: 260 ಅಶ್ವಶಕ್ತಿ, ನಾಲ್ಕೇ ಗೇರು. ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗದು. ಟರ್ಬೋ, ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ, ಸುತ್ತು ಹಿಡಿದ ಮೇಲೆ ಶಕ್ತಿ ಒಮ್ಮೆಲೇ ನುಗ್ಗುತ್ತದೆ. ಅಷ್ಟರಲ್ಲಿ ನೀವು ತಿರುವಿನ ನಡುವೆ ಇರುತ್ತೀರಿ. ಗಾಬರಿಯಲ್ಲಿ ಕಾಲು ತೆಗೆದಿರೋ, ಭಾರ ಮುಂದಕ್ಕೆ ಸರಿದು ಹಿಂದಿನ ಟೈರು ಹಿಡಿತ ಬಿಡುತ್ತದೆ, ಎಂಜಿನ್ನಿನ ತೂಕ ಹಿಂಬದಿಯನ್ನು ಹೊರಕ್ಕೆ ಎಳೆಯುತ್ತದೆ.

ಹೊಸದರ ಕಿರಿಕಿರಿ ಬೇರೆ. ಕೆಲವೇ ಸೆಕೆಂಡುಗಳಲ್ಲಿ ಗಂಟೆಗೆ 100 ಕಿ.ಮೀ. ದಾಟುತ್ತದೆ, ಜರ್ಮನಿಯ ಊರಾಚೆಯ ಸಾಮಾನ್ಯ ರಸ್ತೆಗಳ ಮಿತಿಯೂ ಅಷ್ಟೇ. ಕಾರು ಎಚ್ಚರಾಗುವ ಹೊತ್ತಿಗೆ ಕಾಲು ಎತ್ತಬೇಕು. ನನ್ನನ್ನು ಕೇಳಿದರೆ 1980ರ ದಶಕದ, ಟರ್ಬೋ ಇಲ್ಲದ 911 ಮಾದರಿ 3.2 ಕ್ಯಾರೆರಾ ಆರಿಸಿಕೊಳ್ಳುತ್ತೇನೆ, ಪವರ್ ಸ್ಟೀರಿಂಗ್ ಇಲ್ಲದೆ ಪಾರ್ಕಿಂಗ್‌ನಲ್ಲಿ ತೋಳು ನೋವಾದರೂ ಸರಿ.